ಎದುರು ಮನೆಯವರು ಹೇಳಿದ್ದು

ನನ್ನ ಮತ್ತು ಯೋಗೀಶನ ಮೊದಲ ಭೇಟಿಗೆ ಅಲಸಂಡೆ ಪಲ್ಯವೇ ಸಾಕ್ಷಿ.

ಡೊಂಬಿವಲಿ ಪೂರ್ವದಲ್ಲಿ ನಮ್ಮದು ಲಿಫ್ಟ್ ಇಲ್ಲದ ನಾಲ್ಕು ಮಾಳಿಗೆಯ ಬಿಲ್ಡಿಂಗು. ಮೂರನೇ ಮಾಳಿಗೆಯಲ್ಲಿ ನಾವು. 2008ರ ಜನವರಿಯಲ್ಲಿ ಎದುರು ಬಾಗಿಲಿಗೆ ಲೋಲಾಕ್ಷಿ ಆಂಟಿ ಎಂಬ ವಿಧವೆಯೂ ಅವರ ಒಬ್ಬನೇ ಮಗನೂ ಬಾಡಿಗೆಗೆ ಬಂದರು. ಅವರೂ ಉಡುಪಿಯ ಹತ್ತಿರದವರು, ನಮ್ಮವರೇ. ಅಮ್ಮನಿಗೆ ಅಷ್ಟು ಸಾಕಿತ್ತು. ಮರುದಿನವೇ ಇಲ್ಲಿಂದ ಒಂದು ಬಟ್ಟಲು ಸಾರು ಆಚೆ ಹೋಗಿ, ಅದೇ ಬಟ್ಟಲಲ್ಲಿ ಪಾಯಸ ಈಚೆ ಬಂತು.

ಒಂದು ಬೆಳಿಗ್ಗೆ ಏಳೂಕಾಲಿಗೆ ನಾನು ಠಾಣೆಗೆ ಹೋಗುವ ಲೋಕಲ್ ರೈಲು ಹಿಡಿಯಲು ಮೆಟ್ಟಿಲಿಳಿಯುತ್ತಿದ್ದೆ. ಆ ಮಗ ಹತ್ತಿ ಬರುತ್ತಿದ್ದ. ಕಂಬಿಯನ್ನು ಬಿಗಿಯಾಗಿ ಹಿಡಿದು, ಒಂದೊಂದು ಮೆಟ್ಟಿಲಿಗೂ ಯೋಚಿಸಿ ಕಾಲಿಡುತ್ತಿದ್ದ. ಕಣ್ಣುಗಳು ಕೆಂಪಗಾಗಿದ್ದವು. ಹತ್ತಿರ ಬಂದಾಗ ಕೊಳೆತ ಹಣ್ಣಿನಂಥ ಸಿಹಿ ವಾಸನೆ ಬಂತು. ನಾನು ಗೋಡೆಗೆ ಒತ್ತಿ ನಿಂತೆ. ಆದರೂ ಅವನ ಭುಜ ನನ್ನ ಚೀಲಕ್ಕೆ ತಾಗಿತು. ಡಬ್ಬ ಉರುಳಿ, ಮುಚ್ಚಳ ಕಳಚಿ, ಅಲಸಂಡೆ ಪಲ್ಯವೆಲ್ಲ ಎರಡನೇ ಮಾಳಿಗೆಯವರೆಗೆ ಚೆಲ್ಲಿತು.

ಅವನು ತಿರುಗಿ ನೋಡಿದ. ನೋಡಿದ್ದು ನನ್ನನ್ನಲ್ಲ, ನನ್ನ ಹಿಂದಿನ ಗೋಡೆಯನ್ನು. ಸಾರಿ ಎನ್ನಲಿಲ್ಲ, ಏನೂ ಇಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

"ಕುಡುಕ," ಎಂದೆ ಸಂಜೆ ಅಮ್ಮನಿಗೆ.

"ನೈಟ್ ಶಿಫ್ಟಂತೆ ಅವನಿಗೆ. ಎಂಐಡಿಸಿಯ ಕಾರ್ಖಾನೆಯಲ್ಲಿ ಕೆಲಸ."

"ಶಿಫ್ಟ್ ಮುಗಿಸಿ ಎಲ್ಲಿಗೆ ಹೋಗಿ ಬರ್ತಾನೆ ಅಂತ ಕೇಳು."

ಆಮೇಲೆ ಇನ್ನೂ ನಾಲ್ಕು ಬೆಳಿಗ್ಗೆ ಅವನನ್ನು ಹಾಗೆಯೇ ಕಂಡೆ. ನನಗೆ ಇಪ್ಪತ್ತನಾಲ್ಕು ವರ್ಷ. ಠಾಣೆಯ ವಾಗ್ಳೆ ಎಸ್ಟೇಟಿನ ಪ್ಯಾಕಿಂಗ್ ಕಂಪನಿಯೊಂದರ ಡಿಸ್ಪ್ಯಾಚ್ ವಿಭಾಗದಲ್ಲಿ ಕೆಲಸ. ದಿನಕ್ಕೆ ಎರಡು ಹೊತ್ತು ಲೋಕಲಿನ ಲೇಡೀಸ್ ಡಬ್ಬಿಯಲ್ಲಿ ನಿಂತು ಹೋಗುವವಳು. ಮುಖ ನೋಡಿ ಯಾರು ಯಾವ ಸ್ಟೇಷನ್ನಿನಲ್ಲಿ ಇಳಿಯುತ್ತಾರೆ ಎಂದು ಹೇಳಬಲ್ಲೆ ಎಂಬುದು ನನ್ನ ಹೆಮ್ಮೆ. ಐದು ಸಲ ನೋಡಿದ ಮನುಷ್ಯನ ಬಗ್ಗೆ ನನಗೆ ಯಾವ ಸಂಶಯವೂ ಉಳಿದಿರಲಿಲ್ಲ.

ನಮ್ಮವರಲ್ಲಿ ಮದುವೆಗೆ ಎರಡು ಪರೀಕ್ಷೆ. ಜಾತಕವನ್ನು ಜೋಯಿಸರು ನೋಡುತ್ತಾರೆ, ನಡತೆಯನ್ನು ನೆರೆಮನೆಯವರು ಹೇಳುತ್ತಾರೆ. ಈ ಊರಿನಲ್ಲಿ ಯಾರ ಮನೆತನವೂ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಅದಕ್ಕೆ ಹುಡುಗಿಯ ಕಡೆಯ ಹಿರಿಯರೊಬ್ಬರು ಒಂದು ಭಾನುವಾರ ಸುದ್ದಿಯಿಲ್ಲದೆ ಬಂದು ಹುಡುಗನ ಎದುರು ಮನೆಯ ಬೆಲ್ ಒತ್ತುತ್ತಾರೆ. ಇದಕ್ಕೆ ವಿಚಾರಣೆ ಎಂದು ಹೆಸರು. ನೇರವಾಗಿ ಯಾರೂ ಕೇಳುವುದಿಲ್ಲ. ಮೊದಲು ನೀರಿನ ವಿಷಯ ತೆಗೆಯುತ್ತಾರೆ.

ಫೆಬ್ರವರಿಯ ಒಂದು ಭಾನುವಾರ ಬೆಲ್ ಆಯಿತು. ಅಪ್ಪ ಕಲ್ಯಾಣದ ವೆಜ್ ಹೋಟೆಲೊಂದರ ಮ್ಯಾನೇಜರ್, ಭಾನುವಾರವೂ ರಜೆಯಿಲ್ಲ. ಅಮ್ಮ ಭಜನೆಗೆ ಹೋಗಿದ್ದಳು. ಮನೆಯಲ್ಲಿ ಇದ್ದವರು ನಾನು ಮತ್ತು ಒಳಗೆ ಪಾತ್ರೆ ತೊಳೆಯುತ್ತಿದ್ದ ಚಂದವ್ವ. ಚಂದವ್ವ ವಿಜಾಪುರದ ಕಡೆಯವಳು, ಬಿಲ್ಡಿಂಗಿನಲ್ಲಿ ಆರು ಮನೆಗಳ ಕೆಲಸ ಹಿಡಿದವಳು. ನಮ್ಮ ಮನೆಗೆ ಹನ್ನೊಂದು ವರ್ಷದಿಂದ ಬರುತ್ತಿದ್ದಳು. ನನಗೆ ಟೈಫಾಯ್ಡ್ ಬಂದು ಕೂದಲೆಲ್ಲ ಗಂಟಾದಾಗ ಅರ್ಧ ದಿನ ಕುಳಿತು ಬಿಡಿಸಿದವಳು ಅವಳೇ.

ಬಾಗಿಲಲ್ಲಿ ಸಫಾರಿ ಹಾಕಿದ ಹಿರಿಯರು. ಹರಿಶ್ಚಂದ್ರ ಎಂದು ಹೆಸರು ಹೇಳಿದರು.

"ನೀರು ಹೇಗಮ್ಮ ಇಲ್ಲಿ?"

"ಬೆಳಿಗ್ಗೆ ಒಂದು ಗಂಟೆ, ಸಂಜೆ ಅರ್ಧ ಗಂಟೆ."

"ಜನ?"

"ಜನ ದಿನವಿಡೀ."

ಅವರು ನಕ್ಕು, ದನಿ ತಗ್ಗಿಸಿದರು. "ಎದುರಿನ ಹುಡುಗ ಹೇಗೆ? ನನ್ನ ತಂಗಿಯ ಮಗಳಿಗೆ ಮಾತಾಗಿದೆ. ಠಾಣೆಯಲ್ಲಿ ಮದುವೆ ಹಾಲ್ ಸಹ ನೋಡಿಟ್ಟಿದ್ದೇವೆ. ನಿನಗೂ ಅವಳದ್ದೇ ಪ್ರಾಯ, ನಿನ್ನ ತಂಗಿ ಅಂತ ತಿಳ್ಕೊಂಡು ಹೇಳು."

ನಾನು ಒಂದು ಕ್ಷಣ ತಡೆದೆ. ಆ ತಡೆದದ್ದೂ ನಾಟಕವೇ. "ಹುಡುಗ ಒಳ್ಳೆಯವರೇ. ಬೆಳಿಗ್ಗೆ ಮಾತ್ರ ಮೆಟ್ಟಿಲು ಹತ್ಲಿಕ್ಕೆ ಸ್ವಲ್ಪ ಕಷ್ಟ ಆಗ್ತದೆ."

"ಕಾಲು ನೋವಾ?"

"ಕಾಲು ಗಟ್ಟಿ ಉಂಟು. ಹತ್ತಿರ ನಿಂತ್ರೆ ವಾಸನೆಯಲ್ಲೇ ಗೊತ್ತಾಗ್ತದೆ ನಿಮಗೆ."

"ಬೆಳಿಗ್ಗೆಯೇ?"

"ನಾನು ಕಂಡಾಗೆಲ್ಲ. ನನ್ನ ಹೆಸರು ಮಾತ್ರ ಎಲ್ಲೂ ಬೇಡ."

"ಛೆ, ಅದು ಹೇಗೆ ಹೇಳ್ಲಿಕ್ಕಾಗ್ತದೆ," ಎಂದು ಅವರು ಕೈಮುಗಿದು ಇಳಿದುಹೋದರು. ಕಂಡರಿಯದ ಒಬ್ಬ ಹುಡುಗಿಯನ್ನು ಕಾಪಾಡಿದೆ ಎಂದು ನಾನು ಆ ದಿನ ಎರಡು ತುತ್ತು ಹೆಚ್ಚೇ ಉಂಡೆ.

ಹತ್ತು ದಿನಕ್ಕೆ ಸಂಬಂಧ ಮುರಿಯಿತು. ಲೋಲಾಕ್ಷಿ ಆಂಟಿ ಫೋನಿನಲ್ಲಿ ಅತ್ತು ಕೇಳಿದ್ದಕ್ಕೆ ಹರಿಶ್ಚಂದ್ರರು ಇಷ್ಟೇ ಹೇಳಿದರಂತೆ: ಬಿಲ್ಡಿಂಗಿನ ಒಳಗಿನದ್ದೇ ಮಾತು, ಹೇಳಿದ್ದು ಒಂದು ಹೆಂಗಸು. ಆಂಟಿ ಬಿಲ್ಡಿಂಗಿನ ಹೆಂಗಸರನ್ನೆಲ್ಲ ಮನಸ್ಸಿನಲ್ಲೇ ಎಣಿಸಿ ನೋಡಿದರು. ಅಮ್ಮನ ಎದುರು ಕುಳಿತು ಹೇಳಿದರು, "ನಮ್ಮವರು ಹಾಗೆ ಮಾಡ್ಲಿಕ್ಕಿಲ್ಲ. ನಾಲ್ಕು ಮನೆ ತಿರುಗುವವಳು ಒಬ್ಬಳೇ ಇರುವುದು ಇಲ್ಲಿ."

ಮರುದಿನ ಬೆಳಿಗ್ಗೆ ಮೆಟ್ಟಿಲಲ್ಲಿ ಗಲಾಟೆ. ಬಾಗಿಲು ತೆರೆದೆ. ಆಂಟಿ ಚಂದವ್ವನ ರಟ್ಟೆ ಹಿಡಿದು ಹೊರಗೆ ಎಳೆದಿದ್ದರು. ಅವಳ ಸೆರಗು ಬಾಗಿಲಿನ ಚಿಲಕಕ್ಕೆ ಸಿಕ್ಕಿ ಹರಿದಿತ್ತು.

"ನಮ್ಮ ಅನ್ನ ತಿಂದು ನನ್ನ ಮಗನ ಬಾಳು ತೆಗೆದೆಯಲ್ಲ."

"ನಾ ಅಲ್ರೀ ಬಾಯಾರ. ದೇವ್ರಾಣಿ, ನಾ ಏನೂ ಅಂದಿಲ್ರೀ."

ಚಂದವ್ವ ನನ್ನ ಕಡೆ ನೋಡಿದಳು. ನಾನು ಬಾಚಣಿಗೆ ಹಿಡಿದು ನಿಂತಿದ್ದೆ. ಆಗ ನನ್ನ ಲೆಕ್ಕಕ್ಕೆ ಯೋಗೀಶ್ ಕುಡುಕನೇ. ನಿಜ ಹೇಳಿದ್ದೇನೆ ಎಂದೇ ನಂಬಿದ್ದವಳಿಗೆ ಹೆದರಿಕೆ ಯಾಕೆ? ನಾನೇ ಹೇಳಿದ್ದು ಎನ್ನಲು ಎರಡು ಶಬ್ದ ಸಾಕಿತ್ತು. ಲೋಕಲ್ ತಪ್ಪುತ್ತದೆ ಎಂದು ನೆವ ಮಾಡಿ ಚಪ್ಪಲಿ ಮೆಟ್ಟಿಕೊಂಡು ಅವರ ನಡುವಿನಿಂದಲೇ ಇಳಿದುಹೋದೆ.

ಒಂದೇ ದಿನದಲ್ಲಿ ಚಂದವ್ವನಿಗೆ ಐದು ಮನೆ ಹೋಯಿತು. ಹದಿನೈದು ದಿನವಾದ ಮೇಲೆ ನಮ್ಮ ಮನೆಗೂ ಬರುವುದು ನಿಂತಿತು. ಅವಳೇ ಬಿಟ್ಟಳು ಎಂದಳು ಅಮ್ಮ. ನಾನು ಇನ್ನೊಮ್ಮೆ ಕೇಳಲಿಲ್ಲ.

ಏಪ್ರಿಲಿನಲ್ಲಿ ನಮ್ಮ ಕಂಪನಿಯವರು ನನ್ನನ್ನು ಡೊಂಬಿವಲಿ ಎಂಐಡಿಸಿಯಲ್ಲಿ ಬಣ್ಣಕ್ಕೆ ಬೆರೆಸುವ ರೆಸಿನ್ ಮಾಡುವ ಒಂದು ಸಣ್ಣ ಕಾರ್ಖಾನೆಗೆ ಕಳಿಸಿದರು. ಒಂದು ಸರ್ಟಿಫಿಕೇಟ್ ಬೇಕಿತ್ತು, ಮನೆ ಹತ್ತಿರ ಅಲ್ವಾ, ಬೆಳಿಗ್ಗೆ ಅಲ್ಲಿಂದಲೇ ತೆಗೆದುಕೊಂಡು ಬಾ ಎಂದರು. ಏಳು ಗಂಟೆಗೆ ಗೇಟಿನಲ್ಲಿ ನಿಂತೆ. ಗಾಳಿ ಬೀಸಿದಾಗ ಆ ವಾಸನೆ ಬಂತು. ಅದೇ ಕೊಳೆತ ಹಣ್ಣಿನ ಸಿಹಿ.

ಶಿಫ್ಟ್ ಬಿಟ್ಟಿತು. ಹನ್ನೆರಡು ಹದಿಮೂರು ಗಂಡಸರು ಹೊರಬಂದರು. ಎಲ್ಲರ ಕಣ್ಣೂ ಕೆಂಪು. ಮೂವರು ಕಂಬಿ ಹಿಡಿದು ಇಳಿದರು. ಒಬ್ಬ ಮುದುಕ ನಲ್ಲಿಯ ಕೆಳಗೆ ತಲೆ ಇಟ್ಟು ಕುಳಿತೇ ಬಿಟ್ಟ. ಹದಿಮೂರನೆಯವನು ಯೋಗೀಶ್.

"ನೀವು ಎದುರು ಮನೆಯವರಲ್ವಾ?" ಎಂದು ಕಣ್ಣು ಕಿರಿದು ಮಾಡಿ ಕೇಳಿದ. "ಸ್ವಲ್ಪ ದೂರ ನಿಲ್ಲಿ. ಹೊಸಬರಿಗೆ ತಲೆ ತಿರುಗ್ತದೆ ಇಲ್ಲಿ."

"ಇದು ಎಂಥ ವಾಸನೆ?"

"ಸಾಲ್ವೆಂಟ್. ರೆಸಿನ್ ಕರಗಿಸ್ಲಿಕ್ಕೆ ಹಾಕುವುದು. ಎಂಟು ಗಂಟೆ ಮೂಸಿದ್ರೆ ಮನುಷ್ಯ ಕುಡಿಯದೇ ಕುಡಿದ ಹಾಗೆ. ಕಣ್ಣು ಮಂಜು, ಕಾಲು ಅವನದ್ದಲ್ಲ. ಮನೆಗೆ ಹೋಗಿ ತಣ್ಣೀರಲ್ಲಿ ಮುಖ ಅದ್ದಿದ ಮೇಲೇ ನನಗೆ ಎದುರಿಗಿರುವವರು ಕಾಣುವುದು."

ನನಗೆ ಕುಳಿತುಕೊಳ್ಳಬೇಕು ಎನಿಸಿತು. ಅವನು ಸೆಕ್ಯುರಿಟಿಯವನ ಕುರ್ಚಿ ಎಳೆದು ತಂದ. ನನ್ನ ಮುಖ ಬಿಳಿಚಿದ್ದು ವಾಸನೆಗೆ ಎಂದು ತಿಳಿದು ನೀರು ತಂದುಕೊಟ್ಟ. ಎಷ್ಟು ಎಚ್ಚರದಿಂದ ಕೊಟ್ಟನೆಂದರೆ, ಅವನ ಬೆರಳು ಲೋಟದ ತಳದಲ್ಲಿ ಮಾತ್ರ ಇತ್ತು, ನನ್ನ ಬೆರಳಿಗೆ ತಾಗಬಾರದೆಂದು.

"ಒಂದು ಸಲ ನೀವು ನನ್ನ ಡಬ್ಬ ಬೀಳಿಸಿದ್ರಿ," ಎಂದೆ. ಬೇರೇನೂ ಹೇಳಲು ತೋಚಲಿಲ್ಲ.

"ನಾನಾ? ಯಾವಾಗ?"

"ಜನವರಿಯಲ್ಲಿ. ಅಲಸಂಡೆ ಪಲ್ಯ."

ಅವನ ಕಿವಿ ಕೆಂಪಾಯಿತು. "ಅಮ್ಮ ಅವತ್ತು ಬೈದಳು, ಚಪ್ಪಲಿಗೆ ಎಂತ ಹಚ್ಚಿಕೊಂಡು ಬಂದಿ ಅಂತ. ನನಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ. ಮೂರು ತಿಂಗಳಿಂದ ಸಿಟ್ಟಲ್ಲಿದ್ದೀರಾ?"

"ಹೌದು."

"ಹೇಳ್ಬಹುದಿತ್ತಲ್ಲ."

ಮರುದಿನ ಭಾನುವಾರ. ನಮ್ಮ ಬಾಗಿಲ ಚಿಲಕಕ್ಕೆ ಒಂದು ಚೀಲ ನೇತುಹಾಕಿತ್ತು. ಒಳಗೆ ಅರ್ಧ ಕಿಲೋ ಅಲಸಂಡೆ, ಎಳೆಯದನ್ನೇ ಆರಿಸಿ ತಂದದ್ದು. ಚೀಟಿ ಇಲ್ಲ, ಹೆಸರಿಲ್ಲ. ಅಮ್ಮ ಯಾರು ಇಟ್ಟರೆಂದು ಬಿಲ್ಡಿಂಗೆಲ್ಲ ಕೇಳಿಬಂದಳು.

ಆಮೇಲಿನದನ್ನು ಬರೆಯಲು ನನಗೆ ಈಗಲೂ ಆಸೆ, ನಾಚಿಕೆಯೂ. ಅವನಿಗೆ ಗುರುವಾರ ವೀಕ್ಲಿ ಆಫ್. ಗುರುವಾರ ಸಂಜೆ ಠಾಣೆ ಸ್ಟೇಷನ್ನಿಗೆ ಬಂದು ನಿಲ್ಲುತ್ತಿದ್ದ. ತಲಾವ್ ಪಾಳಿಯ ಕೆರೆಯ ದಂಡೆಗೆ ನಡೆದುಹೋಗಿ ಕೂರುತ್ತಿದ್ದೆವು. ಮನೆಯಲ್ಲಿ ಇಬ್ಬರದೂ ತುಳು. ಕೆರೆಯ ದಂಡೆಯಲ್ಲಿ ಮಾತ್ರ ಅವನು ಕನ್ನಡ ಮಾತಾಡುತ್ತಿದ್ದ, ನಾನು ಕನ್ನಡ ಶಾಲೆಯವಳು ಎಂಬ ಮರ್ಯಾದೆಗೆ. ಅರ್ಧ ಹಿಂದಿ ಬೆರೆಯುತ್ತಿತ್ತು.

"ಮೊದಲ ಸಲ ನನ್ನನ್ನು ಕಂಡಾಗ ಎಂತ ಅಂದ್ಕೊಂಡಿದ್ದಿ?" ಎಂದ ಒಮ್ಮೆ.

"ಹೇಳಿದ್ರೆ ಈ ಭೇಲ್ ನಿನಗೆ ಸೇರುವುದಿಲ್ಲ."

"ನಿನ್ನನ್ನು ಕಂಡು ನಾನು ಅಂದ್ಕೊಂಡದ್ದು ಹೇಳ್ಲಾ? ಈ ಹುಡುಗಿಯ ಮೂಗಿನ ಮೇಲೆ ಬಿಲ್ಡಿಂಗ್ ಸೊಸೈಟಿಯ ಸೆಕ್ರೆಟರಿ ಕೂತಿದ್ದಾನೆ ಅಂತ."

"ಈಗ?"

"ಈಗಲೂ ಇದ್ದಾನೆ. ನಾನು ನೋಡಿದ್ರೆ ಎದ್ದು ಜಾಗ ಬಿಡ್ತಾನೆ, ಅಷ್ಟೇ."

ನಾನು ನಗಬಾರದೆಂದು ಕೆರೆಯ ಕಡೆ ತಿರುಗಿದೆ. ಅವನು ಬಗ್ಗಿ, ನಕ್ಕೆನೋ ಇಲ್ಲವೋ ಎಂದು ನನ್ನ ಕೆನ್ನೆಯನ್ನೇ ನೋಡಿದ. ಅಷ್ಟು ಹತ್ತಿರದಿಂದ ಯಾರೂ ನನ್ನನ್ನು ನೋಡಿರಲಿಲ್ಲ.

ಡಾಕ್ಟರು ಅವನ ಕಣ್ಣಿಗೆ ಡ್ರಾಪ್ಸ್ ಬರೆದಿದ್ದರು. ತಾನೇ ಹಾಕಿಕೊಂಡರೆ ಮೂಗಿಗೆ ಬೀಳುತ್ತಿತ್ತು. ಗುರುವಾರದ ಡೋಸು ನನ್ನದು. ಅವನು ಬೆಂಚಿನ ಬೆನ್ನಿಗೆ ತಲೆ ಇಟ್ಟು ಮುಖವೆತ್ತುತ್ತಿದ್ದ. ನಾನು ಎಡಗೈಯ ಹೆಬ್ಬೆರಳಿನಿಂದ ರೆಪ್ಪೆ ಎತ್ತಿ ಹಿಡಿಯುತ್ತಿದ್ದೆ. ಬಿಳಿಯ ಭಾಗದಲ್ಲಿ ಹರಡಿದ ಕೆಂಪು ನರಗಳು ಒಂದೊಂದೇ ಕಾಣುತ್ತಿದ್ದವು. ನಡುವೆ ಕಂದು ಬಣ್ಣದ ಸಣ್ಣ ವೃತ್ತ, ಅದರಲ್ಲಿ ನಾನು. ಹನಿ ಬಿದ್ದ ಮೇಲೆ ಅವನು ಕಣ್ಣು ಮುಚ್ಚಿ ನನ್ನ ಕೈಯನ್ನು ತನ್ನ ಮುಖದ ಮೇಲೆಯೇ ಹಿಡಿದುಕೊಳ್ಳುತ್ತಿದ್ದ. ಭೇಲ್ ಮಾಡುವವನು ಬೇಕೆಂದೇ ಈರುಳ್ಳಿ ಕೊಚ್ಚುವ ಸದ್ದು ಜೋರು ಮಾಡುತ್ತಿದ್ದ. ನನಗೆ ಯೋಗೀಶನ ಮೇಲೆ ಜೀವವೇ ಇತ್ತು. ಇದನ್ನು ಸುತ್ತಿ ಬಳಸಿ ಹೇಳುವ ಅಗತ್ಯವಿಲ್ಲ.

"ಆ ಠಾಣೆಯ ಹುಡುಗಿಗಾಗಿ ಬೇಸರ ಆಗ್ತದಾ?" ಎಂದು ಕೇಳಿದೆ ಒಂದು ದಿನ.

"ಎರಡು ಸಲ ನೋಡಿದ್ದು ಅವಳನ್ನು. ಅವಳಿಗಾಗಿ ಬೇಸರ ಇಲ್ಲ." ಅವನು ಭೇಲಿನ ಕಾಗದವನ್ನು ಮಡಚಿ ಬದಿಗಿಟ್ಟ. "ಈಗ ಮದುವೆ ಮನೆಗೆ ಹೋದ್ರೆ ನಮ್ಮವರೇ ಮಾತಾಡುವ ನೆವದಲ್ಲಿ ಒಂದು ಹೆಜ್ಜೆ ಹತ್ತಿರ ಬಂದು ಮೂಸ್ತಾರೆ. ಕಲ್ಯಾಣದಲ್ಲಿ ನನ್ನ ಸೋದರಮಾವನೇ ಮೂಸಿದ. ಅಮ್ಮ ನೋಡ್ತಾ ಇದ್ದಳು. ಅವತ್ತಿಂದ ನಾನು ಎಲ್ಲಿಗೂ ಹೋಗುವುದಿಲ್ಲ."

ಮಾತು ನನ್ನ ಗಂಟಲಿಗೆ ಬಂದಿತ್ತು. ಅವನು ನನ್ನ ಮುಖ ನೋಡಿ, "ನೀನ್ಯಾಕೆ ಅಳ್ತಿ? ಮೂಸುವುದಿದ್ರೆ ನೀನೂ ಮೂಸು," ಎಂದು ಕುತ್ತಿಗೆ ಮುಂದೆ ಮಾಡಿದ. ನಾನು ನಕ್ಕೆ, ಹೇಳಬೇಕಾದ್ದನ್ನು ನುಂಗಿದೆ. ಹೀಗೆ ಎಂಟು ತಿಂಗಳು ನುಂಗಿದೆ.

ಡಿಸೆಂಬರಿನಲ್ಲಿ ಲೋಲಾಕ್ಷಿ ಆಂಟಿ ಹಣ್ಣು ಹೂವು ಹಿಡಿದು ಹೆಣ್ಣು ಕೇಳಲು ಎದುರು ಬಾಗಿಲಿಂದ ನಮ್ಮ ಬಾಗಿಲಿಗೆ ಬಂದರು. ಐದು ಹೆಜ್ಜೆ ನಡೆಯುವುದಕ್ಕೆ ರೇಷ್ಮೆ ಸೀರೆ ಉಟ್ಟಿದ್ದರು. ಅಪ್ಪನ ಹೆಸರು ಪುಂಡರೀಕಾಕ್ಷ. ಹೆಸರಿನಷ್ಟೇ ಉದ್ದ ಅವರ ಗತ್ತು. ಒಂದು ವಾರ ಕೊಡಿ ಎಂದರು. ಎದುರು ಮನೆಯೇ ಆದರೂ ಪದ್ಧತಿ ಪದ್ಧತಿಯೇ, ಹುಡುಗನ ವಿಚಾರಣೆ ಆಗಬೇಕಿತ್ತು. ಉಲ್ಹಾಸನಗರದಲ್ಲಿ ಅಂಗಡಿ ಇಟ್ಟ ನೆಂಟರನ್ನು ಕೇಳಿದರು, ಠಾಣೆಯವರನ್ನು ಕೇಳಿದರು.

ಗುರುವಾರ ರಾತ್ರಿ ಬಂದು ಚಪ್ಪಲಿ ಬಿಡುತ್ತಲೇ ಹೇಳಿದರು. "ಹುಡುಗ ಬೆಳಿಗ್ಗೆಯೇ ಕುಡಿಯುವವನಂತೆ. ಎರಡು ಕಡೆಯೂ ಅದೇ ಮಾತು. ಹರಿಶ್ಚಂದ್ರ ಅಂತ ಒಬ್ಬರು ಸ್ವತಃ ಬಂದು ಕೇಳಿ ತಿಳ್ಕೊಂಡದ್ದಂತೆ."

ಅಮ್ಮ ಚಹಾ ತಂದಿಟ್ಟಳು.

"ಅವರಿಗೆ ಹೇಳಿದ್ದು ಯಾರು ಅಂತ ಕೇಳಿದೆ. ಎದುರು ಮನೆಯವರು ಅಂದ್ರು." ಅಪ್ಪ ಚಹಾ ಎತ್ತಿದವರು ಕೆಳಗಿಟ್ಟರು. "ಅವರ ಎದುರು ಮನೆ ಅಂದ್ರೆ ನಾವೇ ಅ‌ಲ್ವಾ?"

ಅಮ್ಮ ನನ್ನನ್ನು ನೋಡಲಿಲ್ಲ. ಅವಳಿಗೆ ಮೊದಲೇ ಗೊತ್ತಿತ್ತು ಎಂದು ಅದರಿಂದಲೇ ತಿಳಿಯಿತು.

"ಕುಡೀತಾನಾ ಅವನು?" ಎಂದರು ಅಪ್ಪ ನನ್ನ ಕಡೆ ತಿರುಗಿ.

"ಇಲ್ಲ."

"ಮತ್ತೆ ನೀನು ಹೇಳಿದ್ದು?"

"ನನಗೆ ಹಾಗೆ ಕಂಡಿತು."

ಅಪ್ಪ ಹೋಟೆಲಿನಲ್ಲಿ ತಪ್ಪು ಆರ್ಡರ್ ಬಂದಾಗ ಯೋಚಿಸುವ ಹಾಗೆ ಯೋಚಿಸಿದರು. "ಆದದ್ದು ಆಯ್ತು. ಆ ಕೆಲಸದವಳ ತಲೆ ಮೇಲೆ ಹೋಗಿದೆಯಲ್ಲ, ಅಲ್ಲೇ ಇರ್ಲಿ. ಮದುವೆ ಆದ ಮೇಲೆ ಯಾರು ಕೇಳ್ತಾರೆ? ನಾನು ಒಪ್ಪಿಗೆ ಹೇಳ್ತೇನೆ."

ನಾನು ಒಳ್ಳೆಯವಳೆಂದು ಯಾರೂ ತಿಳಿಯಬೇಡಿ. ಮೂರು ದಿನ ಆ ಮಾತು ನನಗೆ ಹಿತವಾಗಿಯೇ ಇತ್ತು. ಸೀರೆಯ ಬಣ್ಣವನ್ನೂ ಯೋಚಿಸಿದೆ.

ಭಾನುವಾರ ಯೋಗೀಶ್ ರಜೆ ಹಾಕಿ ತಲಾವ್ ಪಾಳಿಗೆ ಕರೆದುಕೊಂಡು ಹೋದ. ಅಷ್ಟು ಸಂತೋಷದಲ್ಲಿ ಅವನನ್ನು ನಾನು ಕಂಡಿರಲಿಲ್ಲ. ನಡೆಯುವಾಗ ನನ್ನ ದುಪಟ್ಟಾದ ತುದಿ ಹಿಡಿದುಕೊಂಡೇ ನಡೆದ.

"ಚಂದವ್ವನಿಗೆ ಒಂದು ಒಳ್ಳೆ ಸೀರೆ ಕೊಡ್ಬೇಕು," ಎಂದ ಕುಳಿತುಕೊಂಡು. "ಅವಳು ಅವತ್ತು ಬಾಯಿ ಬಿಡದಿದ್ರೆ ನಾನು ಈಗ ಬೇರೆ ಯಾರದೋ ಗಂಡ. ಅಮ್ಮನೂ ಅದೇ ಹೇಳ್ತಾಳೆ, ಆ ಹೆಂಗಸು ಕೆಟ್ಟದ್ದು ಮಾಡ್ಲಿಕ್ಕೆ ಹೋಗಿ ಒಳ್ಳೇದೇ ಮಾಡಿದಳು ಅಂತ."

"ಚಂದವ್ವ ಅಲ್ಲ," ಎಂದೆ. "ನಾನು."

"ನೀನು ಎಂತ?"

"ಹರಿಶ್ಚಂದ್ರರಿಗೆ ಹೇಳಿದ್ದು ನಾನು."

ಅವನು ನಗಲು ಸಿದ್ಧನಾಗಿದ್ದ. ನನ್ನ ಮುಖ ನೋಡಿ ಆ ನಗು ನಿಧಾನವಾಗಿ ಇಳಿಯಿತು. ದುಪಟ್ಟಾದ ತುದಿ ಕೈಯಿಂದ ಬಿಟ್ಟ. ನಾನು ಎಲ್ಲವನ್ನೂ ಹೇಳಿದೆ, ಮೆಟ್ಟಿಲಿನ ಮಾತನ್ನೂ, ಎರಡು ತುತ್ತು ಹೆಚ್ಚು ಉಂಡದ್ದನ್ನೂ, ಅಪ್ಪ ಹೇಳಿದ್ದನ್ನೂ.

"ಅದು ಬಿಡು," ಎಂದ. "ಕನ್ನಡಿಯಲ್ಲಿ ನೋಡಿದ್ರೆ ನಾನೇ ನನ್ನನ್ನು ಕುಡುಕ ಅಂದ್ಕೊಳ್ತೇನೆ. ನಾನು ನಿನಗೆ ಗೊತ್ತಿರ್ಲಿಲ್ಲ. ಯಾರಿಗೂ ತಪ್ಪಾಗ್ತದೆ."

ನನಗೆ ಉಸಿರು ಬಂದ ಹಾಗಾಯಿತು.

"ಚಂದವ್ವ ಗೊತ್ತಿದ್ದಳಲ್ಲ?" ಎಂದ.

ನಾನು ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಂಡೆ.

"ಎಷ್ಟು ವರ್ಷ ಕೆಲಸ ಮಾಡಿದ್ದು ನಿಮ್ಮಲ್ಲಿ?"

"ಹನ್ನೊಂದು."

"ಈಗ ಎಲ್ಲಿದ್ದಾಳೆ?"

"ಗೊತ್ತಿಲ್ಲ."

"ಹನ್ನೊಂದು ವರ್ಷ," ಎಂದ ಅವನು. ಬೈದಿದ್ದರೆ ಸಹಿಸಬಹುದಿತ್ತು. ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡು ನಿಂತ. "ಅವತ್ತು ನಾನು ಒಳಗೆ ಮಲಗಿದ್ದೆ. ಎದ್ದ ಮೇಲೆ ಅಮ್ಮನಿಗೆ ಎರಡು ಮಾತು ಬೈದು ಸುಮ್ಮನಾದೆ. ಹುಡುಕಿಕೊಂಡು ನಾನೂ ಹೋಗ್ಲಿಲ್ಲ. ಇಬ್ಬರೂ ಹೋಗುವ. ಮೊದಲು ನೀನು ಅಮ್ಮನಿಗೆ ಹೇಳು."

ಅದೇ ಸಂಜೆ ಹೇಳಿದೆ. ಲೋಲಾಕ್ಷಿ ಆಂಟಿ ಪೂರ್ತಿ ಕೇಳಿದರು. "ಇಪ್ಪತ್ತೆಂಟು ವರ್ಷ ಸಾಕಿದೆ ನಾನು ಅವನನ್ನು. ನಿನಗೆ ಐದು ಬೆಳಿಗ್ಗೆ ಸಾಕಾಯ್ತಾ?" ಎಂದರು. ಬಾಗಿಲವರೆಗೆ ಬಂದು, ತಮ್ಮಷ್ಟಕ್ಕೆ ಹೇಳಿಕೊಂಡರು, "ಆ ಹೆಂಗಸೂ ಸರಿಯಾಗಿ ಹೇಳ್ಬೇಕಿತ್ತಪ್ಪ, ತಾನಲ್ಲ ಅಂತ." ಹಣ್ಣು ತಂದಿದ್ದ ತಟ್ಟೆ ನಮ್ಮಲ್ಲೇ ಉಳಿದಿತ್ತು. ಮರುದಿನ ಅದನ್ನು ಕೇಳಿ ತರಿಸಿಕೊಂಡರು.

ಚಂದವ್ವ ಉಲ್ಹಾಸನಗರದಲ್ಲಿದ್ದಾಳೆ ಎಂದು ಮೆಟ್ಟಿಲು ಗುಡಿಸುವವಳು ಹೇಳಿದಳು. ಜೀನ್ಸ್ ಹೊಲಿಯುವ ಸಣ್ಣ ಕಾರ್ಖಾನೆಗಳಿರುವ ಒಂದು ಓಣಿಯಲ್ಲಿ, ಪ್ಯಾಂಟುಗಳ ರಾಶಿಯ ನಡುವೆ ಕುಳಿತು ದಾರದ ತುದಿಗಳನ್ನು ಕತ್ತರಿಸುತ್ತಿದ್ದಳು. ಬೆರಳೆಲ್ಲ ನೀಲಿ. ನಮ್ಮಿಬ್ಬರನ್ನು ನೋಡಿದಳು, ಕತ್ತರಿ ನಿಲ್ಲಿಸಲಿಲ್ಲ.

"ಬಾ, ಕೂಡ್ರು. ಪ್ಯಾಂಟಿನ ಮ್ಯಾಲ ಕೂಡ್ರು, ಇಲ್ಲಿ ಬ್ಯಾರೆ ಜಾಗಾ ಇಲ್ಲ."

ನಾನು ಕೂರದೆ, ನಿಂತೇ ಹೇಳಿದೆ. ದಾರಿಯಲ್ಲಿ ಕಟ್ಟಿಕೊಂಡು ಬಂದ ಮಾತುಗಳೆಲ್ಲ ಮರೆತಿದ್ದವು. ಆ ದಿನ ಹೇಳಿದ್ದು ನಾನು, ತಪ್ಪಾಯಿತು ಎಂದಷ್ಟೇ ಹೇಳಲು ಸಾಧ್ಯವಾಯಿತು.

"ಗೊತ್ತದ," ಎಂದಳು. "ನಾ ಒಳಗ ಭಾಂಡೆ ತಿಕ್ಕಾಕತ್ತಿದ್ನೆಲ್ಲ. ನಳ ಬಂದ್ ಮಾಡಿ ಕೇಳೀನಿ."

ಯೋಗೀಶ್ ತಲೆಯೆತ್ತಿದ. "ಮತ್ತೆ ಯಾಕೆ ಹೇಳ್ಲಿಲ್ಲ ಚಂದವ್ವ, ಅಮ್ಮ ಹಾಗೆ ಎಳೆಯುವಾಗ?"

"ಹೇಳಿದ್ರ ಇವ್ರ ಮನೀನೂ ಹೋಗ್ತಿತ್ರಿ. ಐದು ಮನಿ ಹೋದ್ವು, ಒಂದರ ಉಳೀಲಿ ಅಂತ ಸುಮ್ಕಿದ್ದೆ. ಹದಿನೈದು ದಿನಕ್ಕ ಇವ್ರ ಅವ್ವನೂ ಬ್ಯಾಡ ಅಂದ್ರು. ಎಲ್ಲಾರೂ ಬಿಡಿಸ್ಯಾರ, ನಾವೊಬ್ರ ಇಟ್ಕೊಂಡ್ರ ಚಂದ ಕಾಣೂದಿಲ್ಲ ಅಂದ್ರು."

ಅವಳೇ ಬಿಟ್ಟಳು ಎಂದಿದ್ದಳು ಅಮ್ಮ. ಯೋಗೀಶ್ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಚಂದವ್ವ ಒಂದು ಪ್ಯಾಂಟು ಮಡಚಿಟ್ಟು ಇನ್ನೊಂದನ್ನು ತೊಡೆಯ ಮೇಲೆ ಎಳೆದುಕೊಂಡಳು. "ಆ ಬಾಯಾರ ಎಳದಿದ್ದಕ್ಕ ನಂಗ ಸಿಟ್ಟಿಲ್ಲ. ಮಗನ ಸಂಕಟ ಅವ್ರಿಗಿ. ನೀ ಬಾಗಲದಾಗ ನಿಂತಿದ್ದಿ. ನಾ ನಿನ್ನ ಮಾರಿ ನೋಡೇ ನೋಡಿದೆ. ಈಗ ಹೇಳ್ತಾಳ, ಈಗ ಹೇಳ್ತಾಳ ಅಂದ್ಕೊಂಡೆ. ಸಣ್ಣಾಕಿ ಇದ್ದಾಗಿಂದ ನೋಡೀನಿ, ಒಳ್ಳೆ ಹುಡುಗಿ ಅಂತ ತಿಳ್ಕೊಂಡಿದ್ದೆ."

ನನಗೆ ಅಳು ಬಂತು. ಅವಳು ಅದನ್ನು ಗಮನಿಸಲಿಲ್ಲ, ಅಥವಾ ಗಮನಿಸುವ ಅಗತ್ಯ ಅವಳಿಗೆ ಕಾಣಲಿಲ್ಲ.

"ಅಮ್ಮನೇ ಬಂದು ನಿನ್ನಲ್ಲಿ ತಪ್ಪಾಯ್ತು ಅನ್ನುವ ಹಾಗೆ ಮಾಡ್ತೇನೆ," ಎಂದ ಯೋಗೀಶ್. "ವಾಪಸ್ ಬಾ ಬಿಲ್ಡಿಂಗಿಗೆ."

"ಬ್ಯಾಡ್ರೀ ಸಾಹೇಬ್ರ. ಇಲ್ಲೇ ಚಲೋ ಅದ. ಪ್ಯಾಂಟು ಮಾತಾಡೂದಿಲ್ಲ." ಅವನು ಕೈಮುಗಿದಾಗ ಮಾತ್ರ ಅವಳು ಕತ್ತರಿ ಕೆಳಗಿಟ್ಟು, ನೀಲಿ ಬೆರಳುಗಳನ್ನು ಜೋಡಿಸಿ ತಾನೂ ಕೈಮುಗಿದಳು. ನನಗೆ, "ಹೋಗಿ ಬಾ, ಬಿಸಲದ," ಎಂದಳು.

ಉಲ್ಹಾಸನಗರ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ನಾವು ಒಂದೇ ಬೆಂಚಿನ ಎರಡು ತುದಿಯಲ್ಲಿ ಕುಳಿತೆವು.

"ಈಗ ಎಲ್ಲರಿಗೂ ಹೇಳಿ ಆಯ್ತು," ಎಂದೆ. "ಏನೂ ಅಡಗಿಸಿಟ್ಟಿಲ್ಲ ನಾನು."

"ಗೊತ್ತುಂಟು. ಹೇಳದೇ ಇರಬಹುದಿತ್ತು ನೀನು. ನಿಮ್ಮಪ್ಪ ದಾರಿ ತೋರಿಸಿದ್ರು. ಆದ್ರೂ ಹೇಳಿದಿ. ಅದು ಸಣ್ಣ ವಿಷಯ ಅಲ್ಲ."

"ಮತ್ತೆ?"

ಅವನು ಹಳಿಯ ಕಡೆ ನೋಡುತ್ತಿದ್ದ. "ಎಂಟು ತಿಂಗಳು ಗುರುವಾರ ಗುರುವಾರ ನೀನು ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಿ ಊರ್ಮಿಳಾ. ನಾನು ಮಾವ ಮೂಸಿದ ಕತೆ ಹೇಳಿದೆ, ನೀನು ಅತ್ತಿ. ಆ ಅಳು ನನಗಾಗಿ ಅಂತ ಮನೆಗೆ ಹೋಗಿ ಮಲಗಿದ ಮೇಲೂ ಸಂತೋಷಪಟ್ಟಿದ್ದೆ. ಈಗ ಅದನ್ನು ಎಲ್ಲಿ ಇಡ್ಲಿ?"

"ನಿನಗಾಗಿಯೇ ಅತ್ತದ್ದು."

"ಇರಬಹುದು. ಇನ್ನು ಮುಂದೆ ನೀನು ನಕ್ಕರೂ ಅತ್ತರೂ, ಇದರ ಹಿಂದೆ ಎಂತ ಉಂಟು ಅಂತ ನಾನು ನೋಡ್ತೇನೆ. ದಿನಾ ನೋಡ್ತೇನೆ. ಮದುವೆ ಮನೆಯಲ್ಲಿ ನನ್ನನ್ನು ಮೂಸುವವರಿಗೂ ನನಗೂ ಎಂತ ವ್ಯತ್ಯಾಸ ಮತ್ತೆ? ಹಾಗೆ ನಿನ್ನ ಜತೆ ಬದುಕ್ಲಿಕ್ಕೆ ನನಗಾಗುವುದಿಲ್ಲ. ನಿನಗೂ ಬೇಡ ಅದು."

"ಸ್ವಲ್ಪ ದಿನ ಕಳೆದ್ರೆ?"

ಅವನು ಇಲ್ಲವೆಂದು ತಲೆಯಾಡಿಸಿದ. ಬೇಡಿಕೊಳ್ಳಬಾರದೆಂದು ನಿಶ್ಚಯಿಸಿ ಬಂದಿದ್ದವಳು ಬೇಡಿಕೊಂಡೆ. ಅವನ ತೋಳು ಹಿಡಿದೆ. ಪ್ಲಾಟ್‌ಫಾರ್ಮಿನ ಜನ ನೋಡಿದರು, ನೋಡಲಿ ಎಂದುಕೊಂಡೆ. ಅವನು ತೋಳನ್ನು ಎಳೆದುಕೊಳ್ಳಲಿಲ್ಲ. ಹಾಗೆಯೇ ಇಟ್ಟುಕೊಂಡು ಕುಳಿತ.

"ಒಂದೇ ಒಂದು ಹೇಳು," ಎಂದೆ. "ನನ್ನ ಮೇಲೆ ಪ್ರೀತಿ ಉಂಟಾ, ಹೋಯ್ತಾ?"

"ಉಂಟು," ಎಂದ. ಆಗ ಮೊದಲ ಸಲ ಅವನ ದನಿ ಒಡೆಯಿತು. "ಇಲ್ಲದಿದ್ರೆ ಇಷ್ಟು ಕಷ್ಟ ಆಗ್ತಿರ್ಲಿಲ್ಲ."

ಲೋಕಲ್ ಬರುವುದು ಕಂಡಿತು. ಅವನು ನನ್ನ ಬೆರಳುಗಳನ್ನು ತೋಳಿನಿಂದ ಒಂದೊಂದಾಗಿ ಬಿಡಿಸಿ ನನ್ನ ಮಡಿಲಲ್ಲಿ ಇಟ್ಟ.

"ಲೇಡೀಸ್ ಡಬ್ಬಿ ಮುಂದೆ ಬರ್ತದೆ," ಎಂದ. "ಬೇಗ ನಡಿ."

ನಾನು ಮುಂದೆ ನಡೆದೆ. ಅವನು ಹಿಂದಿನ ಡಬ್ಬಿಗೆ ಹತ್ತಿದ. ವಿಠ್ಠಲವಾಡಿ, ಕಲ್ಯಾಣ, ಠಾಕುರ್ಲಿ. ಡೊಂಬಿವಲಿಯಲ್ಲಿ ಇಳಿದು ಸೇತುವೆಯ ಬುಡದಲ್ಲಿ ನಿಂತೆ. ಹಿಂದಿನ ಡಬ್ಬಿಗಳಿಂದ ಇಳಿದು ನಮ್ಮ ಬಿಲ್ಡಿಂಗಿನ ಕಡೆ ಹೋಗುವವರು ಹೆಚ್ಚಾಗಿ ನನ್ನ ಎದುರಿನಿಂದಲೇ ಹಾದುಹೋಗುತ್ತಾರೆ. ಜನ ಬಂದರು, ತಳ್ಳಿಕೊಂಡು ಹೋದರು, ವಿರಳವಾದರು. ಕೊನೆಗೆ ಅವನು ಬಂದ. ನನ್ನನ್ನು ಕಂಡ, ಈ ಸಲ ಕಣ್ಣು ತೊಳೆದಷ್ಟು ಸ್ವಚ್ಛವಾಗಿಯೇ ಕಂಡ. ಒಂದು ಕ್ಷಣ ನಿಂತು, ಇನ್ನೊಂದು ಸೇತುವೆಯ ಕಡೆ ತಿರುಗಿ ನಡೆದ.